ಕೋಳಿ ಭ್ರೂಣದ ರೆಕ್ಕೆಯಲ್ಲಿ ಜೀನ್ ನಿಯಂತ್ರಣ ತೋರಿಸಲು ಇಡೀ ಭ್ರೂಣದ ಕ್ಯೂಪಿಸಿಆರ್ ಸಾಕಾ?

ಮಲಪ್ರಭಾ_ಎಂಎಸ್ಸಿ, ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. ಪ್ರಾಣಿಶಾಸ್ತ್ರ ಎಂಎಸ್ಸಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಸಲಹೆ ಬೇಕಾಗಿದೆ. ರೆಟಿನೋಯಿಕ್ ಆಮ್ಲ (ವಿಟಮಿನ್ ಎಯಿಂದ ಬರುವ ಸಂಕೇತ ವಸ್ತು) ಕೊಟ್ಟರೆ ಕೋಳಿ ಭ್ರೂಣದ ರೆಕ್ಕೆಯಲ್ಲಿ ಸಾನಿಕ್ ಹೆಡ್ಜ್‌ಹಾಗ್ ಜೀನ್ ತನ್ನದಲ್ಲದ ಜಾಗದಲ್ಲೂ ಚಾಲೂ ಆಗುತ್ತದೆ, ಬೆರಳುಗಳು ಕನ್ನಡಿ ಹಿಡಿದಂತೆ ಎರಡೂ ಕಡೆ ಮೂಡುತ್ತವೆ ಎಂದು ಪಠ್ಯದಲ್ಲಿದೆ. ಅದನ್ನೇ ನಮ್ಮ ಲ್ಯಾಬಿನಲ್ಲಿ ಅಳೆದು ತೋರಿಸಬೇಕು.

ಇರುವ ಸಾಮಾನು: 48 ತತ್ತಿ ಹಿಡಿಯುವ ಇನ್‌ಕ್ಯುಬೇಟರ್, ಸ್ಟೀರಿಯೊ ಮೈಕ್ರೋಸ್ಕೋಪ್, ಲ್ಯಾಮಿನಾರ್ ಹುಡ್, ಬಿಒಡಿ (ತಂಪಾಗಿಯೂ ಇಡಬಲ್ಲ) ಇನ್‌ಕ್ಯುಬೇಟರ್, ಮೈನಸ್ 20 ಫ್ರೀಜರ್. ಮೈನಸ್ 80 ಇಲ್ಲ. ಕ್ಯೂಪಿಸಿಆರ್ (ಒಂದು ಜೀನಿನ ಆರ್‌ಎನ್‌ಎ ಅಥವಾ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ) ಯಂತ್ರ ಪಕ್ಕದ ವಿಭಾಗದಲ್ಲಿದೆ, ಮೊದಲೇ ಹೇಳಿಟ್ಟರೆ ಸಿಗುತ್ತದೆ.

ಅಂದುಕೊಂಡಿರುವ ಕ್ರಮ: ಮೂರನೇ ದಿನ ತತ್ತಿಯೊಳಗೆ ರೆಟಿನೋಯಿಕ್ ಆಮ್ಲದ ಹನಿ ಹಾಕುವುದು, ಐದನೇ ದಿನ ಇಡೀ ಭ್ರೂಣ ತೆಗೆದು ಆರ್‌ಎನ್‌ಎ ಮಾಡುವುದು, ಆಮೇಲೆ ಎಸ್‌ಎಚ್‌ಎಚ್ (ಸಾನಿಕ್ ಹೆಡ್ಜ್‌ಹಾಗ್), ಪಿಟಿಸಿಎಚ್1, ಹಾಕ್ಸ್‌ಡಿ13 ಮೂರು ಜೀನ್‌ಗಳಿಗೂ ಕ್ಯೂಪಿಸಿಆರ್.

ಕೇಳಬೇಕಾದದ್ದು ಇಷ್ಟು. ಸಂತೆಯ ಜವಾರಿ ತತ್ತಿ ನಡೆಯುತ್ತದೆಯೇ? ಕೆಲಸ ಮಾರ್ಚ್‌ನಿಂದ ಮೇವರೆಗೆ, ಬಿಸಿಲಿನಿಂದ ತೊಂದರೆ ಇದೆಯೇ? ಹನಿಯ ಪ್ರಮಾಣ ಎಷ್ಟಿರಬೇಕು? ಎಸ್‌ಎಚ್‌ಎಚ್ ಹೆಚ್ಚಾಯಿತು ಎಂದು ಕ್ಯೂಪಿಸಿಆರ್ ತೋರಿಸಿದರೆ ಅದು ನಿಯಂತ್ರಣ ಬದಲಾಗಿದ್ದಕ್ಕೆ ಪುರಾವೆ ಆಗುತ್ತದೆಯೇ? ಇನ್ನೊಂದು, ನಮ್ಮ ಗೈಡ್ ಮೇಡಂ "ಇದರಾಗ ರೋಗ ಎಲ್ಲೈತಿ?" ಎಂದು ಕೇಳುತ್ತಿದ್ದಾರೆ. ಅದಕ್ಕೂ ಉತ್ತರ ಬೇಕು.

ಘಟಪ್ರಭಾ_ಭ್ರೂಣಶಾಸ್ತ್ರ

ಪ್ರಮಾಣಕ್ಕಿಂತ ಮೊದಲು ನಾಲ್ಕನೇ ಪ್ರಶ್ನೆ. ಉಳಿದ ಕ್ರಮವೆಲ್ಲ ಅದರ ಮೇಲೆ ನಿಂತಿದೆ.

ಇಡೀ ಭ್ರೂಣದ ಆರ್‌ಎನ್‌ಎ ತೆಗೆದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಾನಿಕ್ ಹೆಡ್ಜ್‌ಹಾಗ್ ಬರೀ ರೆಕ್ಕೆಯದಲ್ಲ. ನೋಟೋಕಾರ್ಡ್, ನರಕೊಳವೆಯ ತಳಭಾಗ, ಕರುಳಿನ ಒಳಪದರ, ಎಲ್ಲ ಕಡೆಯೂ ಅದು ಚಾಲೂ ಇರುತ್ತದೆ. ರೆಕ್ಕೆ ಮೊಗ್ಗಿನಲ್ಲಿ ಅದು ಇರುವುದು ಹಿಂಬದಿ ಅಂಚಿನ ಚಿಕ್ಕ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯ ಏರಿಳಿತ ಇಡೀ ಭ್ರೂಣದ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ರೆಕ್ಕೆ ಮೊಗ್ಗನ್ನಷ್ಟೇ ಕತ್ತರಿಸಿದರೂ ಸಾಲದು. ಲೆಕ್ಕ ಹಾಕಿ ನೋಡ್ರಿ. ಹಿಂಬದಿ ಅರ್ಧದಲ್ಲಿ ಎಸ್‌ಎಚ್‌ಎಚ್ 100 ಇದೆ, ಮುಂಬದಿ ಅರ್ಧದಲ್ಲಿ ಸೊನ್ನೆಯ ಹತ್ತಿರ ಇದೆ ಎಂದುಕೊಳ್ಳಿ. ರೆಟಿನೋಯಿಕ್ ಆಮ್ಲದಿಂದ ಮುಂಬದಿಯಲ್ಲಿ ಹೊಸದಾಗಿ 20 ಬಂತು. ಇಡೀ ಮೊಗ್ಗಿನ ಮೊತ್ತ 100 ಇದ್ದದ್ದು 120 ಆಯಿತು. ಸಿಟಿ ಬೆಲೆಯಲ್ಲಿ (ಯಂತ್ರಕ್ಕೆ ಜೀನ್ ಕಾಣಿಸಲು ಬೇಕಾದ ಸುತ್ತುಗಳ ಸಂಖ್ಯೆ) ಇದು ಸುಮಾರು 0.26ರ ವ್ಯತ್ಯಾಸ. ಪಿಪೆಟ್ ಹಿಡಿದ ಕೈ ಸ್ವಲ್ಪ ಹೆಚ್ಚುಕಮ್ಮಿ ಆದರೂ ಅಷ್ಟು ಬರುತ್ತದೆ. ಅದೇ ಮುಂಬದಿ ಅರ್ಧವನ್ನು ಬೇರೆಯಾಗಿ ಅಳೆದರೆ, ಏನೂ ಇಲ್ಲದ ಕಡೆ 20 ಬಂದಿರುವುದು ಹಲವು ಸಿಟಿಗಳ ಅಂತರವಾಗಿ ಎದ್ದು ಕಾಣುತ್ತದೆ. ನಿಯಂತ್ರಣ ಎಂದರೆ ಜೀನ್ ಎಷ್ಟು ಎಂಬುದಕ್ಕಿಂತ ಹೆಚ್ಚಾಗಿ ಎಲ್ಲಿ, ಯಾವಾಗ ಎಂಬುದು. ಹಾಗಾಗಿ ಅಂಗಾಂಶ ಕತ್ತರಿಸುವ ಹೊತ್ತಿಗೇ ಪ್ರಯೋಗ ಅರ್ಧ ಗೆದ್ದಂತೆ, ಇಲ್ಲವೇ ಸೋತಂತೆ.

ಕೆಲಸ ಹೀಗಿರಲಿ. ರೆಕ್ಕೆ ಮೊಗ್ಗನ್ನು ತಣ್ಣನೆಯ ರಿಂಗರ್ ದ್ರಾವಣದಲ್ಲಿ ಇಟ್ಟು, ತಲೆಯ ಕಡೆಯ ಅರ್ಧ, ಬಾಲದ ಕಡೆಯ ಅರ್ಧ ಎಂದು ಟಂಗ್‌ಸ್ಟನ್ ಸೂಜಿಯಿಂದ ಸೀಳಿರಿ. ಇನ್ಸುಲಿನ್ ಸೂಜಿಯೂ ನಡೆಯುತ್ತದೆ. ದೇಹದಿಂದ ಬಿಡಿಸುವ ಮೊದಲೇ ಯಾವುದು ಮುಂದು, ಯಾವುದು ಹಿಂದು ಎಂದು ಗುರುತಿಸಿಕೊಳ್ಳಬೇಕು. ಬಿಡಿಸಿದ ಮೇಲೆ ದಿಕ್ಕು ತಿಳಿಯುವುದಿಲ್ಲ. ಐದಾರು ಭ್ರೂಣಗಳ ಮುಂಬದಿ ಅರ್ಧಗಳನ್ನು ಕೂಡಿಸಿದರೆ ಒಂದು ಮಾದರಿ. ಅಂಥ ಕನಿಷ್ಠ ಮೂರು ನಾಲ್ಕು ಮಾದರಿ ಪ್ರತಿ ಗುಂಪಿಗೂ ಬೇಕು. ಒಂದೇ ಮಾದರಿಯನ್ನು ಪ್ಲೇಟಿನ ಮೂರು ಬಾವಿಯಲ್ಲಿ ಹಾಕಿ ಮೂರು ಎಂದು ಎಣಿಸಬಾರದು. ಪರೀಕ್ಷಕರು ಮೊದಲು ಹಿಡಿಯುವುದೇ ಅಲ್ಲಿ.

ಮೈನಸ್ 80 ಇಲ್ಲವೆಂಬ ಚಿಂತೆ ಬ್ಯಾಡ. ಆರ್‌ಎನ್‌ಎಲೇಟರ್ ತರಹದ ದ್ರಾವಣದಲ್ಲಿ ಒಂದು ರಾತ್ರಿ 4 ಡಿಗ್ರಿಯಲ್ಲಿ ನೆನೆಸಿ, ಆಮೇಲೆ ಮೈನಸ್ 20ಕ್ಕೆ ಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಟ್ರೈಜಾಲ್‌ನಲ್ಲಿ ತೆಗೆಯುವಾಗ ಅಂಗಾಂಶ ತೀರಾ ಕಮ್ಮಿ ಇರುವುದರಿಂದ ಆರ್‌ಎನ್‌ಏಸ್ ಇಲ್ಲದ ಗ್ಲೈಕೋಜನ್ 20 ಮೈಕ್ರೋಗ್ರಾಂ ಸೇರಿಸಿರಿ, ಇಲ್ಲವಾದರೆ ತಳದ ಉಂಡೆ ಕಣ್ಣಿಗೇ ಬೀಳದೆ ನೀರಿನ ಜೊತೆ ಹೋಗುತ್ತದೆ. ಡಿಎನ್‌ಏಸ್ ಹಾಕುವುದು ಕಡ್ಡಾಯ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ನಿಯಂತ್ರಣ ಮಾದರಿಯನ್ನೂ ಪ್ರತಿ ಸಲ ಇಡಿ. ಪ್ರೈಮರ್‌ಗಳ ದಕ್ಷತೆ ಶೇ 90ರಿಂದ 110ರೊಳಗೆ ಬರಬೇಕು. ಅಳತೆ ಹೋಲಿಸಲು ಜಿಎಪಿಡಿಎಚ್ ಒಂದನ್ನೇ ನಂಬದೆ ಇನ್ನೊಂದು ಆಧಾರ ಜೀನ್ ಜೋಡಿಸಿ.

ಜೀನ್ ಪಟ್ಟಿಯಲ್ಲಿ ಎರಡು ಸೇರಿಸಿ: ಗ್ಲಿ1 ಮತ್ತು ಆರ್‌ಎಆರ್‌ಬಿ. ಪಿಟಿಸಿಎಚ್1, ಗ್ಲಿ1 ಎರಡೂ ಸಾನಿಕ್ ಸಂಕೇತ ನಿಜವಾಗಿ ತಲುಪಿದಾಗ ಏರುವ ಜೀನ್‌ಗಳು. ಆರ್‌ಎಆರ್‌ಬಿ ರೆಟಿನೋಯಿಕ್ ಆಮ್ಲಕ್ಕೆ ನೇರವಾಗಿ, ಕೆಲವೇ ಗಂಟೆಗಳಲ್ಲಿ ಸ್ಪಂದಿಸುತ್ತದೆ. ಅದು ಏರದಿದ್ದರೆ ಔಷಧವೇ ತಲುಪಿಲ್ಲ, ಎಸ್‌ಎಚ್‌ಎಚ್ ಬಗ್ಗೆ ಮಾತಾಡುವಂತಿಲ್ಲ. ಗ್ಲಿ3 ಅನ್ನು ಮಾತ್ರ ಕ್ಯೂಪಿಸಿಆರ್‌ನಲ್ಲಿ ಹುಡುಕಲು ಹೋಗಬೇಡಿ. ಅಲ್ಲಿ ಮುಖ್ಯ ಬದಲಾವಣೆ ಆಗುವುದು ಪ್ರೋಟೀನಿನಲ್ಲಿ: ಸಾನಿಕ್ ಇಲ್ಲದ ಕಡೆ ಗ್ಲಿ3 ತುಂಡಾಗಿ ತಡೆಗಾರನಾಗುತ್ತದೆ, ಇದ್ದ ಕಡೆ ತುಂಡಾಗುವುದು ನಿಲ್ಲುತ್ತದೆ. ಆರ್‌ಎನ್‌ಎ ಅಳೆದರೆ ಅದು ಕಾಣುವುದಿಲ್ಲ.

ಗುಮ್ಮಟನಗರಿ_ಇನ್‌ಕ್ಯುಬೇಟರ್, ವಿಜಯಪುರ

ತತ್ತಿ ಮತ್ತು ಬಿಸಿಲಿನ ಬಗ್ಗೆ ನಾನು ಹೇಳತೀನಿ.

ಸಂತೆ ತತ್ತಿ ಬ್ಯಾಡ್ರಿ. ಹುಂಜ ಇದ್ದ ಮನೆಯದಾದರೆ ಫಲಿತ ಆಗಿರುತ್ತದೆ, ಅದು ಖರೆ. ಆದರೆ ಯಾವ ದಿನ ಇಟ್ಟದ್ದು, ಎಷ್ಟು ಬಿಸಿಲಲ್ಲಿ ಬುಟ್ಟಿಯಲ್ಲಿ ಕುಂತದ್ದು ಗೊತ್ತಾಗುವುದಿಲ್ಲ. ಕೋಳಿ ಭ್ರೂಣ ಸುಮಾರು 20–21 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕೋಣೆಯೊಳಗೇ 35 ಡಿಗ್ರಿ. ಆ ಬಿಸಿಯಲ್ಲಿ ಬೆಳವಣಿಗೆ ಅರೆಬರೆಯಾಗಿ ಶುರುವಾಗಿಬಿಡುತ್ತದೆ. ಕೆಲವು ಸಾಯುತ್ತವೆ, ಕೆಲವು ಮುಂದೆ ಓಡುತ್ತವೆ. ಒಂದೇ ಹೊತ್ತಿಗೆ ಇನ್‌ಕ್ಯುಬೇಟರಿಗೆ ಇಟ್ಟ ತತ್ತಿಗಳು ಮೂರನೇ ದಿನ ನಾಲ್ಕು ಬೇರೆ ಹಂತದಲ್ಲಿ ಇರುತ್ತವೆ. ಮೇಲಿನವರು ಹೇಳಿದ ಎಲ್ಲಿ, ಯಾವಾಗ ಎಂಬುದರಲ್ಲಿ ಯಾವಾಗ ಅಲ್ಲೇ ಕೈ ತಪ್ಪಿತು. ಅಂಗಡಿಯ ಬಿಳಿ ತತ್ತಿಯಂತೂ ಹುಂಜ ಇಲ್ಲದ ಫಾರಂನದ್ದು, ಅದರಲ್ಲಿ ಭ್ರೂಣವೇ ಇರುವುದಿಲ್ಲ.

ಬ್ರಾಯ್ಲರ್ ತಾಯಿಕೋಳಿ ಸಾಕುವ ಹ್ಯಾಚರಿಯಿಂದ, ಇಟ್ಟು ಮೂರು ದಿನದೊಳಗಿನ ತತ್ತಿ ಕೇಳಿ ತರಿಸಿರಿ. ಸಾಗಿಸುವುದು ರಾತ್ರಿ ಅಥವಾ ನಸುಕಿನಲ್ಲಿ. ಥರ್ಮಾಕೋಲ್ ಡಬ್ಬಿ, ಅದರೊಳಗೆ ಜೆಲ್ ಪ್ಯಾಕ್. ಆದರೆ ಪ್ಯಾಕ್ ತತ್ತಿಗೆ ತಾಗಬಾರದು, ನಡುವೆ ದಪ್ಪ ರಟ್ಟು ಇರಬೇಕು. ತಣ್ಣನೆಯ ತತ್ತಿಯನ್ನು ಒಮ್ಮೆಲೇ ಬಿಸಿ ಗಾಳಿಗೆ ತಂದರೆ ಚಿಪ್ಪು ಬೆವರುತ್ತದೆ, ಆ ನೀರಿನ ಜೊತೆ ಬ್ಯಾಕ್ಟೀರಿಯಾ ರಂಧ್ರದೊಳಗೆ ಹೋಗುತ್ತವೆ. ತತ್ತಿ ತೊಳೆಯುವುದೂ ಅದಕ್ಕೇ ಬ್ಯಾಡ ಅನ್ನುವುದು.

ಇಡಲು ನಿಮ್ಮ ಬಿಒಡಿ ಇನ್‌ಕ್ಯುಬೇಟರ್ ಸಾಕು: 15 ಡಿಗ್ರಿ, ಮೊಂಡು ತುದಿ ಮೇಲೆ, ಒಳಗೊಂದು ನೀರಿನ ಬಟ್ಟಲು. ಒಂದು ವಾರ ದಾಟಿಸಬ್ಯಾಡ್ರಿ. ಮನೆ ಫ್ರಿಜ್‌ನ 4 ಡಿಗ್ರಿ ಬಹಳ ತಂಪು, ಅಲ್ಲಿ ದಿನಗಟ್ಟಲೆ ಇಟ್ಟರೆ ಸಾಯುವ ಭ್ರೂಣ ಹೆಚ್ಚುತ್ತವೆ. ಪ್ರಯಾಣದಿಂದ ಬಂದ ತತ್ತಿಗೆ ಒಂದು ದಿನ ವಿಶ್ರಾಂತಿ ಕೊಟ್ಟೇ ಕಾವಿಗೆ ಇಡಬೇಕು.

ಕಾವು 37.5ರಿಂದ 38 ಡಿಗ್ರಿ. ಯಂತ್ರದ ಮುಂದಿನ ಅಂಕಿ ನಂಬದೆ ತತ್ತಿಯ ಮಟ್ಟದಲ್ಲಿ ಬೇರೆ ಥರ್ಮಾಮೀಟರ್ ಇಟ್ಟು ಮೂಲೆ ಮೂಲೆ ನೋಡ್ರಿ. ತೇವ ಶೇ 55–60. ಬೇಸಿಗೆಯಲ್ಲಿ ನಮ್ಮ ಕಡೆಯ ಗಾಳಿ ಎಷ್ಟು ಒಣ ಅಂದರೆ ಕಂಪನಿ ಕೊಟ್ಟ ಒಂದು ಸಣ್ಣ ತಟ್ಟೆ ನೀರು ಸಾಲುವುದಿಲ್ಲ. ನೀರಿನ ಆಳ ಹೆಚ್ಚಿಸಿ ಉಪಯೋಗ ಇಲ್ಲ, ಮೇಲ್ಮೈ ಅಗಲ ಆಗಬೇಕು. ಅಗಲ ತಟ್ಟೆಯಲ್ಲಿ ಸ್ಪಂಜ್ ಇಡ್ರಿ. ಬೋರ್ ನೀರು ಹಾಕಿದರೆ ಬಿಳಿ ಉಪ್ಪು ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಹಾಕ್ರಿ. ಬೆಳಗಾವಿಯಲ್ಲಿ ಮಳೆ ಶುರುವಾದ ಮೇಲೆ ಇದೆಲ್ಲ ತಿರುಗಾಮುರುಗಾ, ಆಗ ತೇವಕ್ಕಿಂತ ಬೂಷ್ಟಿನ ಕಾಟ ಹೆಚ್ಚು.

ಕರೆಂಟ್ ಹೋದಾಗ ಜನ ತಂಪಾಗುವುದಕ್ಕೆ ಹೆದರುತ್ತಾರೆ. ಸ್ವಲ್ಪ ಹೊತ್ತು ತಂಪಾದರೆ ಭ್ರೂಣ ನಿಧಾನ ಆಗುತ್ತದೆ ಅಷ್ಟೇ. ಕರೆಂಟ್ ಬಂದ ಮೇಲೆ ಥರ್ಮೋಸ್ಟಾಟ್ ಗುರಿ ಮೀರಿ 40 ದಾಟಿಸಿದರೆ ಅದು ಕೊಲ್ಲುತ್ತದೆ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಟ್ಟರೆ ಏರಿಳಿತ ಎರಡೂ ಕಡೆ ತಗ್ಗುತ್ತದೆ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ನೋಟ್‌ಬುಕ್‌ನಲ್ಲಿ ಬರೆದಿಡ್ರಿ.

ಕಿಟಕಿ ತೆಗೆಯುವುದು: ತತ್ತಿಯನ್ನು ಮೊದಲ ದಿನದಿಂದಲೇ ಅಡ್ಡ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕ್ರಿ, ಭ್ರೂಣ ತೇಲಿ ಅಲ್ಲಿಗೇ ಬರುತ್ತದೆ. ಮೂರನೇ ದಿನ ಶೇ 70 ಎಥನಾಲ್‌ನಿಂದ ಒರೆಸಿ, ಮೊಂಡು ತುದಿಯಲ್ಲಿ 18 ಗೇಜ್ ಸೂಜಿ ಇಳಿಸಿ 3 ಮಿಲಿ ಬಿಳಿ ಲೋಳೆ ತೆಗೀರಿ. ಸೂಜಿಯ ಮೊನೆ ಕೆಳಮುಖ ಇರಬೇಕು. ಸಿರಿಂಜಿನಲ್ಲಿ ಹಳದಿ ಬಂತೋ ಆ ತತ್ತಿ ಬಿಟ್ಟುಬಿಡ್ರಿ. ಲೋಳೆ ತೆಗೆಯದೆ ಮೇಲೆ ಕತ್ತರಿ ಇಟ್ಟರೆ ಭ್ರೂಣ ಚಿಪ್ಪಿಗೇ ಅಂಟಿದಂತೆ ಇರುತ್ತದೆ, ರಕ್ತನಾಳ ಹರಿದುಹೋಗುತ್ತದೆ. ಮೇಲ್ಭಾಗಕ್ಕೆ ಪಾರದರ್ಶಕ ಟೇಪ್ ಅಂಟಿಸಿ, ಬಾಗಿದ ಕತ್ತರಿಯಿಂದ ಎರಡು ಸೆಂಟಿಮೀಟರ್ ಕಿಟಕಿ ಸಾಕು. ಕೆಲಸ ಮುಗಿದ ಮೇಲೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಬೆರೆಸಿದ ರಿಂಗರ್ ಕೆಲವು ಹನಿ ಹಾಕಿ ಟೇಪಿನಿಂದ ಗಾಳಿ ಆಡದಂತೆ ಮುಚ್ಚಬೇಕು. ಅಂಚಿನಲ್ಲಿ ಲೋಳೆ ಹತ್ತಿದ್ದರೆ ಟೇಪ್ ಹಿಡಿಯುವುದಿಲ್ಲ, ಮರುದಿನ ಒಣಗಿ ಸತ್ತಿರುತ್ತದೆ. ತಾನೇ ತತ್ತಿ ತಿರುಗಿಸುವ ಯಂತ್ರವಿದ್ದರೆ ಅದನ್ನು ಬಂದ್ ಮಾಡುವುದು ಮರೆಯಬಾರದು.

ರಿಂಗರ್ ಒಂದು ಲೀಟರಿಗೆ: ಸೋಡಿಯಂ ಕ್ಲೋರೈಡ್ 7.2 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.37, ಎರಡು ನೀರಿನಣುವಿನ ಕ್ಯಾಲ್ಸಿಯಂ ಕ್ಲೋರೈಡ್ 0.23, ನಿರ್ಜಲ ಡೈಸೋಡಿಯಂ ಫಾಸ್ಫೇಟ್ 0.115, ಪಿಎಚ್ 7.4. ಫಾಸ್ಫೇಟನ್ನು ಬೇರೆ ಕರಗಿಸಿ ಕೊನೆಗೆ ಹಾಕ್ರಿ. ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಬಿದ್ದರೆ ಹಾಲಿನಂತೆ ಮಸುಕಾಗುತ್ತದೆ.

ಮಲಪ್ರಭಾ_ಎಂಎಸ್ಸಿ

ಇಷ್ಟು ವಿವರ ಕೊಟ್ಟಿದ್ದಕ್ಕೆ ಇಬ್ಬರಿಗೂ ಧನ್ಯವಾದ್ರಿ. ಮುಂಬದಿ, ಹಿಂಬದಿ ಅರ್ಧ ಬೇರೆ ಮಾಡುವುದು ಅರ್ಥವಾಯಿತು. ಘಟಪ್ರಭಾ ಸರ್, ಹಾಗಾದರೆ ಹನಿ ಹಾಕಿದರೂ ಆಗುತ್ತದೆಯೇ, ಔಷಧ ಹೀರಿಸಿದ ಚಿಕ್ಕ ಮಣಿಯನ್ನೇ ರೆಕ್ಕೆಯಲ್ಲಿ ಇಡಬೇಕೇ? ಬಲ ರೆಕ್ಕೆಗೆ ಔಷಧ ಕೊಟ್ಟು ಎಡ ರೆಕ್ಕೆಯನ್ನೇ ಕಂಟ್ರೋಲ್ ಎಂದು ಇಟ್ಟುಕೊಳ್ಳಬಹುದೇ? ಹಾಗೆ ಮಾಡಿದರೆ ತತ್ತಿ ಅರ್ಧ ಉಳಿಯುತ್ತವೆ.

ಘಟಪ್ರಭಾ_ಭ್ರೂಣಶಾಸ್ತ್ರ

ಹನಿ ಬೇಡ. ಹನಿ ಇಡೀ ಭ್ರೂಣಕ್ಕೆ ಹರಡುತ್ತದೆ, ಹೃದಯ ಮತ್ತು ಮುಖದ ವಿಕಾರ ಬಂದು ಸಾಯುತ್ತವೆ. ಉಳಿದ ಭ್ರೂಣದಲ್ಲಿ ಕಂಡ ಬದಲಾವಣೆ ಔಷಧದ್ದೋ, ಬೆಳವಣಿಗೆ ಕುಂಠಿತವಾದದ್ದೋ ಹೇಳಲಾಗುವುದಿಲ್ಲ. 1982ರಲ್ಲಿ ಟಿಕಲ್, ಆಲ್ಬರ್ಟ್ಸ್, ವೋಲ್ಪರ್ಟ್, ಲೀ ತಂಡ ಕನ್ನಡಿ ಬೆರಳು ತೋರಿಸಿದ್ದೇ ರೆಕ್ಕೆಯ ಮುಂಬದಿ ಅಂಚಿನಲ್ಲಿ ರೆಟಿನೋಯಿಕ್ ಆಮ್ಲವನ್ನು ಒಂದೇ ಜಾಗದಿಂದ ಬಿಡುಗಡೆ ಮಾಡಿ. ಆ ಬದಲಾವಣೆಯ ಹಿಂದಿರುವ ಜೀನ್ ಸಾನಿಕ್ ಹೆಡ್ಜ್‌ಹಾಗ್ ಎಂದು ಗೊತ್ತಾದದ್ದು 1993ರಲ್ಲಿ.

ಮಣಿ ಎಜಿ1-ಎಕ್ಸ್2, ಫಾರ್ಮೇಟ್ ರೂಪದ್ದು, 200 ಮೈಕ್ರೋಮೀಟರ್ ಸುಮಾರಿನದು. ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ ಡಿಎಂಎಸ್‌ಒದಲ್ಲಿ 0.1 ಮಿಗ್ರಾಂ ಪ್ರತಿ ಮಿಲಿಗೆ, ಅದರಲ್ಲಿ 20 ನಿಮಿಷ ನೆನೆಸಿ. ಫೀನಾಲ್ ರೆಡ್ ಇರುವ ಕಲ್ಚರ್ ಮಾಧ್ಯಮದಲ್ಲಿ ಎರಡು ಸಲ ತೊಳೆಯಿರಿ. ಮಣಿ ಗುಲಾಬಿ ಬಣ್ಣ ಹಿಡಿಯುತ್ತದೆ, ಇಲ್ಲವಾದರೆ ಭ್ರೂಣದ ಮೇಲೆ ಅದನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಬೆಳಕಿಗೆ ಈ ಆಮ್ಲ ಕೆಡುತ್ತದೆ. ಟ್ಯೂಬಿಗೆ ಫಾಯಿಲ್ ಸುತ್ತಿ, ಹುಡ್‌ನ ದೀಪ ಆರಿಸಿ ಕೆಲಸ ಮಾಡಿ. ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 20ರಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಬಳಸಬೇಡಿ. ಗರ್ಭಿಣಿಯರು ಈ ಬಾಟಲಿಯನ್ನು ಮುಟ್ಟಲೇಬಾರದು. ಡಿಎಂಎಸ್‌ಒ ಚರ್ಮದೊಳಗೆ ಎಳೆದುಕೊಂಡು ಹೋಗುತ್ತದೆ, ಗ್ಲೌಸ್ ಇಲ್ಲದೆ ಯಾರೂ ಹಿಡಿಯಬಾರದು.

ಹಂತ: ಕೋಳಿ ಭ್ರೂಣದ ಹ್ಯಾಂಬರ್ಗರ್–ಹ್ಯಾಮಿಲ್ಟನ್ ಹಂತಪಟ್ಟಿಯಲ್ಲಿ 20. ಕಾವಿನಲ್ಲಿ 70–72 ಗಂಟೆ ಆಗಿರುತ್ತದೆ. ಆದರೆ ಗಡಿಯಾರ ನೋಡಬೇಡಿ, ಭ್ರೂಣ ನೋಡಿ: ಕಣ್ಣಿಗೆ ತಿಳಿ ಬೂದು ಛಾಯೆ ಆಗಷ್ಟೇ ಬಂದಿರಬೇಕು, ಸೋಮೈಟ್ (ಬೆನ್ನುದ್ದದ ಅಂಗಾಂಶದ ಗಂಟುಗಳು) 40ರಿಂದ 43. ಕಣ್ಣು ಬಣ್ಣವೇ ಇಲ್ಲದಿದ್ದರೆ ಮುಚ್ಚಿ ಮತ್ತೆ ಕಾವಿಗೆ ಇಡಿ. ಈ ಹೊತ್ತಿಗೆ ಭ್ರೂಣ ಎಡಮಗ್ಗುಲಾಗಿ ಮಲಗಿರುವುದರಿಂದ ಬಲ ರೆಕ್ಕೆಯೇ ಮೇಲಿರುತ್ತದೆ. ಅದರ ಮೇಲಿನ ಪೊರೆ ಬಿಡಿಸಿ, ಮುಂಬದಿ ಅಂಚಿನಲ್ಲಿ ತುದಿಯ ಏಣಿನ (ರೆಕ್ಕೆ ಬೆಳೆಸುವ ದಪ್ಪ ಅಂಚು) ಕೆಳಗೆ ಸಣ್ಣ ಸೀಳು ಮಾಡಿ ಮಣಿ ಸೇರಿಸಿ. ಏಣು ಹರಿದರೆ ರೆಕ್ಕೆ ಮೊಟಕಾಗುತ್ತದೆ, ಅದನ್ನು ಔಷಧದ ಪರಿಣಾಮ ಎಂದು ಬರೆಯುವ ಅಪಾಯ ಇದೆ.

ಪ್ರಮಾಣಕ್ಕೆ ಪ್ರತಿ ಮಿಲಿಗೆ 0.01, 0.1, 1 ಮಿಗ್ರಾಂ ಮೂರನ್ನೂ ಕೆಲವು ತತ್ತಿಯಲ್ಲಿ ನೋಡಿ. ಕಡಿಮೆಯಾದರೆ ಒಂದು ಬೆರಳಷ್ಟೇ ಹೆಚ್ಚಾಗುತ್ತದೆ, ಸರಿಯಾದರೆ ಬೆರಳುಗಳು ಕನ್ನಡಿಯಂತೆ 4-3-2-2-3-4, ಅತಿಯಾದರೆ ರೆಕ್ಕೆಯೇ ಮೊಟಕು. ಅಂದಹಾಗೆ ಹಳೆಯ ಲೇಖನಗಳಲ್ಲಿ ರೆಕ್ಕೆಯ ಬೆರಳು 2, 3, 4. ಹೊಸವುಗಳಲ್ಲಿ ಅವೇ 1, 2, 3. ನಿಮ್ಮ ವರದಿಯಲ್ಲಿ ಯಾವ ಎಣಿಕೆ ಎಂದು ಮೊದಲ ಪುಟದಲ್ಲೇ ಹೇಳಿಬಿಡಿ.

ಎಡ ರೆಕ್ಕೆಯ ವಿಚಾರ: ಒಳಗಿನ ಹೋಲಿಕೆಗೆ ಅದು ಒಳ್ಳೆಯದೇ, ಹಂತ ತಾನಾಗಿಯೇ ಹೊಂದುತ್ತದೆ. ಆದರೆ ಅದೊಂದೇ ಸಾಲದು. ಆಮ್ಲ ಸ್ವಲ್ಪ ಮಟ್ಟಿಗೆ ರಕ್ತದಲ್ಲೂ ಹೋಗುತ್ತದೆ, ಬಲ ರೆಕ್ಕೆಗೆ ಸೀಳಿನ ಗಾಯವೂ ಇದೆ. ಬರೀ ಡಿಎಂಎಸ್‌ಒದಲ್ಲಿ ನೆನೆಸಿದ ಮಣಿಯ ಬೇರೆ ತತ್ತಿಗಳು ಬೇಕೇ ಬೇಕು. ತತ್ತಿ ಉಳಿಸಲು ಹೋಗಿ ಉತ್ತರ ಕಳೆದುಕೊಳ್ಳಬೇಡಿ.

ಮಣಿ ಇಟ್ಟ 4–6 ಗಂಟೆಗೆ ಕೆಲವು ಭ್ರೂಣ ಆರ್‌ಎಆರ್‌ಬಿಗೆ, ಸುಮಾರು 24 ಗಂಟೆಗೆ ಮುಖ್ಯ ಗುಂಪು ಎಸ್‌ಎಚ್‌ಎಚ್, ಪಿಟಿಸಿಎಚ್1, ಗ್ಲಿ1ಗೆ. ಉಳಿದವನ್ನು ಹತ್ತನೇ ದಿನದವರೆಗೆ ಬಿಟ್ಟು ಮೃದ್ವಸ್ಥಿಗೆ ಬಣ್ಣ ಹಾಕಿ. ಎಸ್‌ಎಚ್‌ಎಚ್ ಇಷ್ಟು ತಡವಾಗಿ ಬರುವುದರಿಂದಲೇ ಒಂದು ಮಾತು ಗಮನಿಸಬೇಕು: ರೆಟಿನೋಯಿಕ್ ಆಮ್ಲ ಎಸ್‌ಎಚ್‌ಎಚ್ ಜೀನನ್ನು ನೇರವಾಗಿ ಚಾಲೂ ಮಾಡಿತು ಎಂದು ನಿಮ್ಮ ಮಾಹಿತಿಯಿಂದ ಬರೆಯಲಾಗದು. ನಡುವೆ ಬೇರೆ ಜೀನ್‌ಗಳಿವೆ.

ಐಹೊಳೆ_ಜಿನೋಮ್, ಬಾಗಲಕೋಟೆ

ರೋಗ ಎಲ್ಲಿದೆ ಎಂಬ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಇದೇ ಜೀನ್‌ನಲ್ಲಿ ಅದಕ್ಕೆ ಉತ್ತರ ಇದೆ ಮೇಡಂ.

ಸಾನಿಕ್ ಹೆಡ್ಜ್‌ಹಾಗ್ ಜೀನನ್ನು ಇಲಿಯಲ್ಲಿ ಪೂರ್ತಿ ತೆಗೆದರೆ ಒಂದೇ ಕಣ್ಣು, ಮೆದುಳು ಎರಡು ಪಾಲಾಗುವುದಿಲ್ಲ, ಕೈಕಾಲು ಮೊಟಕು, ಹುಟ್ಟುವ ಹೊತ್ತಿಗೆ ಸಾವು. ಇದು 1996ರ ಫಲಿತಾಂಶ. ಈಗ ಜೀನನ್ನು ಮುಟ್ಟದೆ, ಅದರಿಂದ ಸುಮಾರು ಹತ್ತು ಲಕ್ಷ ಬೇಸ್ ದೂರದಲ್ಲಿರುವ, ಸಾವಿರಕ್ಕಿಂತ ಕಡಿಮೆ ಉದ್ದದ ಝಡ್‌ಆರ್‌ಎಸ್ ಎಂಬ ತುಣುಕನ್ನು ಮಾತ್ರ ತೆಗೆದರು. ಇದು 2005ರದ್ದು. ಮೆದುಳು, ಮುಖ ಎಲ್ಲ ಸರಿ, ಕೈಕಾಲು ಮಾತ್ರ ಮೊಟಕು. ಆ ತುಣುಕು ಇರುವುದು ಎಲ್‌ಎಂಬಿಆರ್1 ಎಂಬ ಬೇರೆ ಜೀನಿನ ಐದನೇ ಇಂಟ್ರಾನ್ (ಪ್ರೋಟೀನ್ ಬರೆಯದ ಭಾಗ) ಒಳಗೆ. ಹಾವುಗಳಲ್ಲಿ ಇದೇ ತುಣುಕು ಕೆಟ್ಟಿದೆ. ಹಾವಿನ ಝಡ್‌ಆರ್‌ಎಸ್ ಹಾಕಿದ ಇಲಿಗಳ ಕೈಕಾಲು ತೀರಾ ಮೊಟಕಾದವು ಎಂದು 2016ರಲ್ಲಿ ತೋರಿಸಿದರು.

ಮನುಷ್ಯರಲ್ಲಿ ಝಡ್‌ಆರ್‌ಎಸ್‌ನ ಒಂದೇ ಅಕ್ಷರ ಬದಲಾದರೆ ಹೆಬ್ಬೆರಳಿನ ಕಡೆ ಆರನೇ ಬೆರಳು ಬರುತ್ತದೆ, ಅಥವಾ ಹೆಬ್ಬೆರಳಿಗೇ ಮೂರು ಗೆಣ್ಣು. ಝಡ್‌ಆರ್‌ಎಸ್ ಒಂದು ಎನ್‌ಹ್ಯಾನ್ಸರ್, ಅಂದರೆ ದೂರದಿಂದ ಜೀನ್ ಚಾಲೂ ಮಾಡುವ ಸ್ವಿಚ್. ಕೆಟ್ಟಾಗ ಅದು ಮುಂಬದಿ ಅಂಚಿನಲ್ಲೂ ಎಸ್‌ಎಚ್‌ಎಚ್ ಅನ್ನು ಚಾಲೂ ಮಾಡಿಬಿಡುತ್ತದೆ. ನೀವು ಮಣಿಯಿಂದ ಮಾಡುತ್ತಿರುವುದೂ ಅದೇ ಜಾಗದಲ್ಲಿ ಅದೇ ಕೆಲಸ. ಗೈಡ್ ಮೇಡಂಗೆ ಇಷ್ಟು ಹೇಳಿ: ಇಂಥ ಕುಟುಂಬದ ಎಕ್ಸೋಮ್ ಪರೀಕ್ಷೆ ಮಾಡಿದರೆ ಏನೂ ಸಿಗದಿರಬಹುದು, ಏಕೆಂದರೆ ಎಕ್ಸೋಮ್ ಓದುವುದು ಪ್ರೋಟೀನ್ ಬರೆಯುವ ಭಾಗವನ್ನು, ಝಡ್‌ಆರ್‌ಎಸ್ ಇಂಟ್ರಾನ್‌ನಲ್ಲಿದೆ.

ಚಿಕಿತ್ಸೆಯ ಕಡೆಯಿಂದಲೂ ಒಂದು ಉದಾಹರಣೆ ಇದೆ. ಬಿಸಿಎಲ್11ಎ ಜೀನ್ ಪೂರ್ತಿ ಇಲ್ಲದ ಇಲಿ ಹುಟ್ಟಿದ ಕೂಡಲೇ ಸಾಯುತ್ತದೆ. ಆದರೆ ಅದರ ಕೆಂಪು ರಕ್ತಕಣದ ಎನ್‌ಹ್ಯಾನ್ಸರನ್ನು ಮಾತ್ರ ಕತ್ತರಿಸಿದರೆ ಭ್ರೂಣಕಾಲದ ಹಿಮೋಗ್ಲೋಬಿನ್ ಮರಳಿ ಬರುತ್ತದೆ. ಸಿಕಲ್ ಸೆಲ್ ರೋಗಕ್ಕೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ ಚಿಕಿತ್ಸೆ ಆ ಎನ್‌ಹ್ಯಾನ್ಸರನ್ನೇ ಗುರಿ ಮಾಡುತ್ತದೆ.

ಇನ್ನು ನನ್ನ ಅಭಿಪ್ರಾಯ, ಮೇಲಿನವರು ಒಪ್ಪದಿರಬಹುದು. ಮೂರು ತಿಂಗಳು, ಬೇಸಿಗೆ, ಒಂದೇ ಇನ್‌ಕ್ಯುಬೇಟರ್ ಅಂದಮೇಲೆ ಮಣಿಯ ಕೆಲಸ ತುಸು ಅಪಾಯ. ನಿಯಂತ್ರಣ ಕೆಟ್ಟ ಕೋಳಿಗಳು ನಮ್ಮ ಹಿತ್ತಲಲ್ಲೇ ಓಡಾಡುತ್ತಿವೆ. ಕಡಕ್‌ನಾಥ್ ತಳಿಯ ಕಪ್ಪು ಮಾಂಸ ಬಂದದ್ದು 20ನೇ ಕ್ರೋಮೋಸೋಮಿನಲ್ಲಿ ಎರಡು ತುಣುಕು, ಸುಮಾರು 127 ಮತ್ತು 171 ಸಾವಿರ ಬೇಸಿನವು, ನಕಲಾಗಿ ಮರುಜೋಡಣೆ ಆದದ್ದರಿಂದ. ಅದರಲ್ಲಿ ಇಡಿಎನ್3 ಜೀನ್ ಸೇರಿ ಅದರ ಅಭಿವ್ಯಕ್ತಿ ಏರಿದೆ. ಸಿಲ್ಕಿ ತಳಿಯಲ್ಲೂ ಅದೇ. ಬಟಾಣಿ ಜುಟ್ಟು ಬರುವುದು ಎಸ್‌ಒಎಕ್ಸ್5ರ ಮೊದಲ ಇಂಟ್ರಾನ್‌ನ ಒಂದು ತುಣುಕು ಹತ್ತಾರು ಸಲ ಪುನರಾವರ್ತನೆ ಆಗಿರುವುದರಿಂದ. ಕುತ್ತಿಗೆ ಬೋಳಿರುವ ಕೋಳಿಯಲ್ಲಿ ಬಿಎಂಪಿ12 ಹತ್ತಿರ ಬೇರೆ ಕ್ರೋಮೋಸೋಮಿನ ತುಣುಕು ಬಂದು ಕುಂತಿದೆ. ಕುತ್ತಿಗೆಯ ಚರ್ಮದಲ್ಲೇ ಪರಿಣಾಮ ಹೆಚ್ಚಾಗಲು ಕಾರಣ ಅಲ್ಲಿರುವ ರೆಟಿನೋಯಿಕ್ ಆಮ್ಲ. ಸಿಲ್ಕಿಯ ಐದನೇ ಬೆರಳಿಗೆ ಕಾರಣ ಝಡ್‌ಆರ್‌ಎಸ್‌ನ ಒಂದೇ ಅಕ್ಷರ. ಇವುಗಳಲ್ಲಿ ಒಂದರಲ್ಲೂ ಪ್ರೋಟೀನಿನ ಬರಹ ಬದಲಾಗಿಲ್ಲ.

ಡಿಎನ್‌ಎ ಸುಲಭ. ಹಕ್ಕಿಯ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇರುವುದರಿಂದ 5 ಮೈಕ್ರೋಲೀಟರ್ ರಕ್ತ ಸಾಕು. ಕಿಟ್‌ನಲ್ಲಿ ಸಸ್ತನಿಗೆಂದು ಬರೆದ 200 ಮೈಕ್ರೋಲೀಟರ್ ಹಾಕಿದರೆ ಕಾಲಂ ಕಟ್ಟಿಕೊಂಡು ಗಂಜಿಯಂತಾಗುತ್ತದೆ. ನಕಲಿನ ಎಣಿಕೆಗೆ ಡಿಎನ್‌ಎ ಮೇಲೆ ಕ್ಯೂಪಿಸಿಆರ್, ಝಡ್‌ಆರ್‌ಎಸ್‌ಗೆ ಪಿಸಿಆರ್ ಮಾಡಿ ಸೀಕ್ವೆನ್ಸಿಂಗಿಗೆ ಕಳಿಸುವುದು. ಹಳೆಯ ಲೇಖನಗಳ ಸ್ಥಾನಸಂಖ್ಯೆಯನ್ನು ಹಾಗೇ ಬಳಸಬೇಡಿ. ಕೋಳಿ ಜಿನೋಮಿನ ಆವೃತ್ತಿ ಬದಲಾದಂತೆ ಸಂಖ್ಯೆಗಳೂ ಸರಿದಿವೆ. ಅಕ್ಕಪಕ್ಕದ ಅನುಕ್ರಮ ತೆಗೆದುಕೊಂಡು ಈಗಿನ ಆವೃತ್ತಿಯಲ್ಲಿ ಬ್ಲಾಸ್ಟ್ ಮಾಡಿ, ಅಂದರೆ ಅದು ಹೊಂದುವ ಜಾಗ ಹುಡುಕಿ.

ಘಟಪ್ರಭಾ_ಭ್ರೂಣಶಾಸ್ತ್ರ

ಐಹೊಳೆಯವರು ಕೊಟ್ಟ ಉದಾಹರಣೆಗಳು ಪೀಠಿಕೆಗೆ ಚಿನ್ನದಂಥವು. ಆದರೆ ದೊಡ್ಡ ಕೋಳಿಯ ರಕ್ತದಲ್ಲಿ ನಕಲು ಎಣಿಸಿದರೆ ಸಿಗುವುದು ಜಿನೋಟೈಪ್ ಮಾತ್ರ. ಯಾವ ಜೀನ್ ಎಲ್ಲಿ ಚಾಲೂ ಆಯಿತು ಎಂಬುದು ಅದರಲ್ಲಿಲ್ಲ, ಬೇರೆಯವರು ತೋರಿಸಿದ್ದನ್ನೇ ನಂಬಿ ಬರೆಯಬೇಕಾಗುತ್ತದೆ. ಬಟಾಣಿ ಜುಟ್ಟು ಮಾಡುವ ಅಭಿವ್ಯಕ್ತಿ ಇರುವುದೂ ಭ್ರೂಣದ ತಲೆಯ ಚರ್ಮದಲ್ಲಿ ಕೆಲವು ದಿನ ಮಾತ್ರ. ಹಾಗಾಗಿ ಪ್ರಶ್ನೆ ನಿಯಂತ್ರಣದ್ದಾದರೆ ಭ್ರೂಣಕ್ಕೇ ಹೋಗಬೇಕು. ಐದು ಬೆರಳಿನ ಹುಂಜದ ಫಲಿತ ತತ್ತಿ ಸಿಕ್ಕರೆ ಕಥೆ ಬೇರೆ. ಅಲ್ಲಿ ಮಣಿಯೂ ಬೇಡ, ಕಾಲಿನ ಮೊಗ್ಗಿನ ಮುಂಬದಿ ಅರ್ಧ ಸೀಳಿ ಅಳೆದರೆ ಸಾಕು.

ನಿಜವಾದ ಪುರಾವೆ ಇನ್‌ಸಿಟು ಹೈಬ್ರಿಡೈಸೇಶನ್, ಅಂದರೆ ಜೀನ್ ಚಾಲೂ ಇರುವ ಜಾಗವನ್ನೇ ಭ್ರೂಣದಲ್ಲಿ ಬಣ್ಣದಿಂದ ತೋರಿಸುವುದು. ಡಿಗ್ ಎಂಬ ಗುರುತು ಹಚ್ಚಿದ ಎಸ್‌ಎಚ್‌ಎಚ್ ಆರ್‌ಎನ್‌ಎ ಪ್ರೋಬ್, 65–70 ಡಿಗ್ರಿಯಲ್ಲಿ ರಾತ್ರಿಯಿಡೀ, ಆಮೇಲೆ ಡಿಗ್ ಪ್ರತಿಕಾಯ, ಎನ್‌ಬಿಟಿ–ಬಿಸಿಐಪಿಯಲ್ಲಿ ನೇರಳೆ ಬಣ್ಣ. ಮುಂಬದಿ ಅಂಚಿನಲ್ಲಿ ಎರಡನೇ ಚುಕ್ಕೆ ಕಂಡರೆ ವಾದವೇ ಬೇಡ. ಕೆಡುವುದು ಹೆಚ್ಚಾಗಿ ಎರಡು ಕಡೆ. ಪ್ರೋಟೀನೇಸ್ ಕೆ ಹೆಚ್ಚು ಹೊತ್ತಾದರೆ ಮೊಗ್ಗಿನ ಮೇಲ್ಪದರ ಕಳಚುತ್ತದೆ, ಕಡಿಮೆಯಾದರೆ ಪ್ರೋಬ್ ಒಳಗೇ ಹೋಗುವುದಿಲ್ಲ. ಎಂಝೈಮಿನ ಹೊಸ ಬಾಟಲಿ ಬಂದಾಗಲೆಲ್ಲ 10 ಮೈಕ್ರೋಗ್ರಾಂ ಪ್ರತಿ ಮಿಲಿಯಲ್ಲಿ ಬೇರೆ ಬೇರೆ ಅವಧಿ ನೋಡಿಯೇ ಮುಂದುವರಿಯಿರಿ. ಎರಡನೆಯದು ಬಣ್ಣವನ್ನು ಅತಿಯಾಗಿ ಬಿಡುವುದು, ಆಗ ಇಡೀ ಭ್ರೂಣ ನೇರಳೆ. ಅದಕ್ಕೇ ಸೆನ್ಸ್ ಪ್ರೋಬ್ (ಗುರಿಗೆ ಅಂಟದ, ಹೋಲಿಕೆಯ ಪ್ರೋಬ್) ಹಾಕಿದ ಭ್ರೂಣವನ್ನು ಪಕ್ಕದಲ್ಲೇ ಇಟ್ಟುಕೊಂಡು, ಎರಡನ್ನೂ ಒಂದೇ ಕ್ಷಣಕ್ಕೆ ನಿಲ್ಲಿಸಬೇಕು. ನಿಮ್ಮ ರೆಕ್ಕೆಯಲ್ಲಿ ಎಸ್‌ಎಚ್‌ಎಚ್ ಪಟ್ಟಿ ಹಿಂಬದಿಯಲ್ಲಿ ಹೇಗೂ ಇರುತ್ತದಲ್ಲ, ಅದೇ ಒಳಗಿನ ಪಾಸಿಟಿವ್ ಕಂಟ್ರೋಲ್. ಅದು ಬಾರದಿದ್ದರೆ ಮುಂಬದಿಯ ಖಾಲಿ ಜಾಗಕ್ಕೆ ಅರ್ಥವಿಲ್ಲ.

ಅನುಮತಿ: ಕೆಲಸ ಶುರುವಾಗುವ ಮೊದಲೇ ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಹಂತ, ಸಂಖ್ಯೆ, ಕೊನೆಗೊಳಿಸುವ ವಿಧಾನ ಬರೆದು ಕೊಡಿ. ಭ್ರೂಣ ತಾನೇ ಎಂದು ಬಾಯಿಮಾತಿಗೆ ಬಿಡಬೇಡಿ. ಹತ್ತನೇ ದಿನ ದಾಟಿಸಬೇಡಿ. ದೊಡ್ಡ ಕೋಳಿಯ ರಕ್ತಕ್ಕೂ ಅದೇ ಅರ್ಜಿ ಬೇಕು.

ಮಲಪ್ರಭಾ_ಎಂಎಸ್ಸಿ

ಮಣಿ, ಅರ್ಧ ಮೊಗ್ಗಿನ ಕ್ಯೂಪಿಸಿಆರ್, ಹತ್ತನೇ ದಿನದ ಮೃದ್ವಸ್ಥಿ ಇಷ್ಟು ಮಾಡುತ್ತೇನೆ. ಪ್ರೋಬ್ ಪ್ಲಾಸ್ಮಿಡ್ ಸಿಕ್ಕರೆ ಇನ್‌ಸಿಟು. ಮೃದ್ವಸ್ಥಿಗೆ ಹಾಕುವ ಅಲ್ಸಿಯನ್ ಬ್ಲೂ ಬಣ್ಣದ ಕ್ರಮ ಒಂದಿಷ್ಟು ಹೇಳಿದರೆ ಸಾಕ್ರಿ.

ಗುಮ್ಮಟನಗರಿ_ಇನ್‌ಕ್ಯುಬೇಟರ್

ಶೇ 5 ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ. ಶೇ 70 ಎಥನಾಲ್‌ಗೆ ಶೇ 1 ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ದ್ರಾವಣದಲ್ಲಿ ಅಲ್ಸಿಯನ್ ಬ್ಲೂ ಶೇ 0.1, ಮತ್ತೊಂದು ರಾತ್ರಿ. ಬಣ್ಣವಿಲ್ಲದ ಅದೇ ಆಮ್ಲ ಎಥನಾಲ್‌ನಲ್ಲಿ ನೀಲಿ ಬಿಡುವುದು ನಿಲ್ಲುವತನಕ ಬದಲಿಸುತ್ತಾ ಹೋಗ್ರಿ. ಆಮೇಲೆ ಶೇ 90, ಶೇ 100 ಎಥನಾಲ್, ಕೊನೆಗೆ ಮಿಥೈಲ್ ಸ್ಯಾಲಿಸಿಲೇಟ್. ಮಾಂಸ ಗಾಜಿನಂತಾಗಿ ಬೆರಳು ನೀಲಿಯಾಗಿ ಉಳಿಯುತ್ತವೆ. ಮಸುಕಾಗಿ ಉಳಿದರೆ ಒಳಗೆ ನೀರು ಇದೆ ಅಂತ ಅರ್ಥ, ಹಿಂದಕ್ಕೆ ಶೇ 100 ಎಥನಾಲ್‌ಗೆ ಹಾಕಿ ಮತ್ತೆ ತರ್ರಿ.

ಮಿಥೈಲ್ ಸ್ಯಾಲಿಸಿಲೇಟ್ ಹಾಕುವ ಹೊತ್ತಿಗೆ ಪ್ಲಾಸ್ಟಿಕ್ ಪೆಟ್ರಿ ತಟ್ಟೆ ದೂರ ಇಡ್ರಿ. ಪಾಲಿಸ್ಟೈರೀನ್ ಕರಗಿ ಭ್ರೂಣದ ಸಮೇತ ಅಂಟಾಗುತ್ತದೆ. ಗಾಜಿನ ತಟ್ಟೆ, ಗಾಜಿನ ಸೀಸೆ. ಸೀಸೆಗೆ ಹಚ್ಚುವ ಚೀಟಿ ಪೆನ್ಸಿಲ್‌ನಲ್ಲಿ ಬರೆದು ಒಳಗೇ ಹಾಕ್ರಿ, ಮಾರ್ಕರ್ ಮಸಿ ಎಥನಾಲ್‌ಗೆ ಅಳಿಸಿಹೋಗುತ್ತದೆ.